ಕಣಿ: ಕಂಡದ್ದೋ, ಎಣಿಸಿದ್ದೋ?

ಫೆಬ್ರವರಿ ಕೊನೆಯ ವಾರ. ಕೊಡಗಿನ ನಾಪೋಕ್ಲು ಕಡೆಯ ನಮ್ಮೂರಿನಲ್ಲಿ ಪಕ್ಕದ ತೋಟದವರು ಕಣದ ತುಂಬ ಕಾಳುಮೆಣಸು ಹರವಿದ್ದರು. ಒಂದು ಮೂಲೆಯಲ್ಲಿ ಕೊನೆಯ ಕೊಯ್ಲಿನ ರೋಬಸ್ಟಾ ಕಾಫಿ ಅರ್ಧ ಒಣಗಿ ಬಿದ್ದಿತ್ತು. ರಾತ್ರಿ ಮೊಬೈಲಿನಲ್ಲಿ ಬರೀ ನಕ್ಷತ್ರದ ಚಿತ್ರ ಕಂಡು, ಟಾರ್ಪಾಲು ಮುಚ್ಚುವ ಕೆಲಸ ಬಿಟ್ಟು ಮಲಗಿದ್ದರಂತೆ. ಬೆಳಗಿನ ಜಾವ ಮುಕ್ಕಾಲು ಇಂಚು ಮಳೆ ಸುರಿಯಿತು. ನಾನು ಹೋದಾಗ ಮನೆಮಂದಿಯೆಲ್ಲ ಗೋಣಿ ಹಿಡಿದು ಮೆಣಸು ಬಾಚುತ್ತಿದ್ದರು.

“ಏನಣ್ಣ, ಹೂಮಳೆ ಬಂತಲ್ಲ” ಅಂದೆ. ಕಾಫಿ ಗಿಡ ಹೂಬಿಡಲು ಬೇಕಾದ ಮಳೆಗೆ ನಮ್ಮಲ್ಲಿ ಹೂಮಳೆ ಅನ್ನುತ್ತಾರೆ.

“ಗಿಡಕ್ಕೂ ಬಂತು, ಕಣಕ್ಕೂ ಬಂತು ಮಾರಾಯ. ಈ ಮೊಬೈಲಿನ ಕಣಿ ಕೇಳಿ ಕೆಟ್ಟೆ ನೋಡು” ಅಂದರು.

ಕಣದ ಕಷ್ಟದಲ್ಲೂ ಅವರ ಬಾಯಿಗೆ ಬಂದ ಮಾತು ‘ಕಣಿ’. ‘ಭವಿಷ್ಯ’ ಅನ್ನಲಿಲ್ಲ, ‘ಮುನ್ಸೂಚನೆ’ಯಂತೂ ಅನ್ನಲೇ ಇಲ್ಲ. ಅವರು ಹೇಳಿದ್ದು ತಮಾಷೆಗೆ. ಆದರೆ ಆ ಪದದ ಬೇರು ಹಿಡಿದು ಹೋದರೆ ತಮಾಷೆಯೊಳಗೆ ಒಂದು ನಿಜ ಕೂತಿರುವುದು ಕಾಣುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಾಳೆಯ ಮಾತು ಹೇಳುವುದಕ್ಕೆ ಕನ್ನಡದಲ್ಲಿ ಪದಗಳ ಬರ ಇಲ್ಲ. ಕಣಿ, ಶಕುನ, ನಿಮಿತ್ತ, ಪ್ರಶ್ನೆ, ಕಾರಣಿಕ, ಕಾಲಜ್ಞಾನ, ಜೋತಿಷ, ಭವಿಷ್ಯ, ಮುನ್ಸೂಚನೆ. ಇವನ್ನು ಒಂದರ ಬದಲು ಇನ್ನೊಂದು ಎಂಬಂತೆ ಬಳಸುವವರೇ ಹೆಚ್ಚು. ಆದರೆ ಒಂದೊಂದು ಪದವೂ ‘ಇದು ನಿನಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ತನ್ನದೇ ಉತ್ತರ ಇಟ್ಟುಕೊಂಡಿದೆ. ಕಣಿಯ ಉತ್ತರ ‘ಕಂಡೆ’.

ಕಣ್ಣು, ಕಾಣು, ಕಾಣ್ಕೆ, ಕಣಿ ಎಲ್ಲ ಒಂದೇ ಮನೆಯ ಮಕ್ಕಳು. ಕಣಿ ಎಂದರೆ ಮೊದಲಿಗೆ ನೋಟ, ಕಣ್ಣಿಗೆ ಬಿದ್ದದ್ದು. ಆಮೇಲೆ ಶುಭವನ್ನೋ ಅಶುಭವನ್ನೋ ಸೂಚಿಸುವ ನೋಟ. ಅದಾದ ಮೇಲೆ, ಅಂಥ ನೋಟವನ್ನು ಓದಿ ಮುಂದಾಗುವುದನ್ನು ಹೇಳುವ ಮಾತು. ‘ಬಾ ಕಣೋ’, ‘ಹೌದು ಕಣೇ’, ‘ಇಲ್ಲ ಕಣ್ರೀ’ ಎಂದು ದಿನಕ್ಕೆ ನೂರು ಸಲ ಅನ್ನುತ್ತೇವಲ್ಲ, ಆ ‘ಕಣ’ ಕೂಡ ಇದೇ ‘ಕಾಣ್’ನಿಂದ ಬಂದದ್ದು. ವಚನಗಳ ಕೊನೆಯಲ್ಲಿ ಬರುವ ‘ಕಾಣಾ’ ಅದರ ಅಣ್ಣ. ‘ನೋಡು’ ಎಂದು ಹೇಳಿ ಮಾತಿಗೆ ಸಾಕ್ಷಿ ಕರೆಯುವುದು ಅದರ ಕೆಲಸ. ಕಣಿ ಹೇಳಿದವರಿಗೆ ತಟ್ಟೆಯಲ್ಲಿ ಇಡುವ ಕಾಣಿಕೆಯೂ ಇದೇ ಬೇರಿನದು. ಕಂಡದ್ದು ಹೇಳಿದವಳಿಗೆ ಕಾಣಿಕೆ, ಲೆಕ್ಕ ಸರಿಹೋಯಿತು.

ಪದದ ಹಳೆಯ ಅರ್ಥ ಇವತ್ತೂ ಕಣ್ಣೆದುರೇ ನೋಡಬೇಕೆಂದರೆ ಏಪ್ರಿಲ್ ಮಧ್ಯದಲ್ಲಿ ಸಿದ್ದಾಪುರ, ವಿರಾಜಪೇಟೆ, ಕುಟ್ಟ ಕಡೆಯ ಮಲಯಾಳಿ ಮನೆಗಳಿಗೆ ಹೋಗಬೇಕು. ವಿಷುವಿನ ಹಿಂದಿನ ರಾತ್ರಿ ಮನೆಯ ಹಿರಿಯಳು ಉರುಳಿ ಎಂಬ ಅಗಲ ಬಾಯಿಯ ಪಾತ್ರೆಯಲ್ಲಿ ಅಕ್ಕಿ, ಹಳದಿ ಸೌತೆಕಾಯಿ, ತೆಂಗಿನಕಾಯಿ, ಚಿನ್ನ, ನಾಣ್ಯ, ಕನ್ನಡಿ ಜೋಡಿಸಿ ದೀಪ ಹಚ್ಚಲು ಅಣಿಮಾಡುತ್ತಾಳೆ. ಮೇಲೆ ನಮ್ಮ ಕಕ್ಕೆಮರದ ಹಳದಿ ಹೂ. ಮಲಯಾಳದಲ್ಲಿ ಆ ಮರದ ಹೆಸರೇ ಕಣಿಕ್ಕೊನ್ನ. ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಿ, ಕಣ್ಣು ಮುಚ್ಚಿಸಿ ಕರೆತಂದು ಅದರ ಮುಂದೆ ಕಣ್ಣು ತೆರೆಸುತ್ತಾರೆ. ವರ್ಷದ ಮೊದಲ ನೋಟ ಸಮೃದ್ಧಿಯದಾಗಿರಲಿ ಎಂದು. ಅದು ವಿಷುಕ್ಕಣಿ. ಸಂಪಾಜೆ ಕಡೆಗೆ ಇಳಿದರೆ ತುಳು ಮಾತಿನ ಮನೆಗಳಲ್ಲಿ ಅದೇ ಬಿಸು ಕಣಿ. ಕೊಡವರಿಗೂ ಅದೇ ಹೊತ್ತಿಗೆ ಎಡಮ್ಯಾರ್, ಹೊಸ ವರ್ಷದ ಮೊದಲ ಉಳುಮೆ.

ಇಲ್ಲೊಂದು ಸೂಕ್ಷ್ಮ ಇದೆ. ವಿಷುವಿನಲ್ಲಿ ಕಣಿಯನ್ನು ಯಾರೂ ‘ಹೇಳುವುದಿಲ್ಲ’, ‘ಇಡುತ್ತಾರೆ’. ನಾಳೆ ಹೇಗಿರಬೇಕು ಎಂಬುದನ್ನು ಇವತ್ತೇ ಜೋಡಿಸಿ ಕಣ್ಣ ಮುಂದೆ ಇಡುವುದು. ಘಟ್ಟದ ಮೇಲಿನ ಕನ್ನಡದಲ್ಲಿ ಈ ‘ಇಡುವ ಕಣಿ’ ಬಳಕೆಯಲ್ಲಿಲ್ಲ. ಅಲ್ಲಿ ಉಳಿದದ್ದು ‘ಹೇಳುವ ಕಣಿ’ ಮಾತ್ರ. ಬುಟ್ಟಿ ಹೊತ್ತು ಬಂದ ಕೊರವಂಜಿ ಅಂಗೈ ನೋಡಿ, ಮುಖ ನೋಡಿ, ಜಗುಲಿಯ ಮೇಲೆ ಕೂತು ಹೇಳುವ ಕಣಿ. ನೋಟದ ಅರ್ಥ ಮಸುಕಾಗಿ ಮಾತಿನ ಅರ್ಥ ಮುಂದೆ ಬಂದದ್ದು ಅಲ್ಲಿ. ತಮಿಳಿನಲ್ಲಿ ಇದೇ ಕೆಲಸಕ್ಕೆ ‘ಕುಱಿ’ ಎಂಬ ಪದ. ನಮ್ಮ ಗುರಿ, ಗುರುತು ಅದರ ಬಳಗ. ಅವರು ಗುರುತು ಓದುತ್ತಾರೆ, ನಾವು ನೋಟ ಓದುತ್ತೇವೆ.

ಕೊರವಂಜಿಯ ಮಾತು ಬಂದಾಗ ಶ್ರೀನಿವಾಸ ಕಲ್ಯಾಣದ ಕತೆ ಬಿಡಲಾಗದು. ಪದ್ಮಾವತಿ ಊಟ ನಿದ್ದೆ ಬಿಟ್ಟು ಕೂತಾಗ ಅರಮನೆಗೆ ಬಂದು, ನಿನ್ನ ಮಗಳ ಮನಸ್ಸಿನಲ್ಲಿ ಇರುವವನು ಇಂಥವನೇ, ಅವನಿಗೇ ಕೊಟ್ಟು ಮದುವೆ ಮಾಡು ಎಂದು ಕಣಿ ಹೇಳುವವಳು ಬೇರೆ ಯಾರೂ ಅಲ್ಲ, ವೇಷ ಹಾಕಿಕೊಂಡ ಮದುಮಗನೇ! ಕಣಿ ಸುಳ್ಳಾಗುವುದು ಹೇಗೆ? ಚುನಾವಣೆ ಹೊತ್ತಿನಲ್ಲಿ ಟಿ.ವಿ.ಯಲ್ಲಿ ಕೂತು ಫಲಿತಾಂಶ ಹೇಳುವವರನ್ನು ನೋಡಿದಾಗೆಲ್ಲ ನನಗೆ ಈ ಕೊರವಂಜಿಯ ನೆನಪಾಗುತ್ತದೆ.

ಕೊಡಗಿನಲ್ಲಿ ಈ ಪದಕ್ಕೆ ಇನ್ನೊಂದು ಕವಲು ಉಂಟು. ಕೊಡವ ಭಾಷೆಯಾಡುವ ಸಮುದಾಯಗಳಲ್ಲಿ ಕಣಿಯ ಎಂಬುದೊಂದು. ಮುಹೂರ್ತ ನೋಡುವುದು, ಜಾತಕ, ಪ್ರಶ್ನೆ ಇವು ಅವರ ಪರಂಪರೆಯ ಕಸುಬು. ಕೇರಳದಲ್ಲೂ ಕಣಿಯಾನ್ ಎಂಬ ಜ್ಯೋತಿಷಿಗಳ ಸಮುದಾಯವಿದೆ. ಹೆಸರು ಕೇಳಿದ ಕೂಡಲೇ ‘ಕಣಿ ಹೇಳುವವನು ಕಣಿಯ’ ಎಂದು ಬಿಡಿಸಿಬಿಡುವುದು ಸುಲಭ. ಆದರೆ ಪಂಡಿತರಲ್ಲಿ ಇನ್ನೊಂದು ವಾದ ಇದೆ: ಇದು ಸಂಸ್ಕೃತದ ‘ಗಣಕ’ ಸವೆದು ಆದ ರೂಪ. ಗಣಕ ಎಂದರೆ ಎಣಿಸುವವನು, ಗ್ರಹಗತಿಯ ಲೆಕ್ಕ ಹಾಕುವವನು. ಒಂದು ವಾದದಲ್ಲಿ ಕಣಿಯ ಕಾಣುವವನು, ಇನ್ನೊಂದರಲ್ಲಿ ಎಣಿಸುವವನು. ಕಸುಬನ್ನು ನೋಡಿದರೆ ನನಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ. ಮುಹೂರ್ತ ನೋಡುವವನಿಗೆ ಅಂಗೈಗಿಂತ ಪಂಚಾಂಗ ಮುಖ್ಯ.

ಒಂದು ಎಚ್ಚರಿಕೆ: ಇವತ್ತು ಕಣಿಯ ಎಂಬುದು ಮೊದಲು ಒಂದು ಸಮುದಾಯದ ಹೆಸರು. ಆ ಕುಟುಂಬಗಳವರೆಲ್ಲ ಜ್ಯೋತಿಷ ಹೇಳುತ್ತಾರೆ ಎಂದುಕೊಂಡು ಸಿಕ್ಕಸಿಕ್ಕಲ್ಲಿ ಕೈ ಚಾಚುವುದು ಸಭ್ಯತೆಯಲ್ಲ.

ಎಣಿಕೆ ಎಂದರೆ ಇಲ್ಲಿ ಏನು ಎಂಬುದಕ್ಕೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಮಳೆಬೆಳೆಯ ದೇವರು. ಹುತ್ತರಿ ಯಾವ ದಿನ, ನೆರೆ ಕಟ್ಟುವುದು (ಎಲೆಗಳ ಕಟ್ಟು ಕಟ್ಟುವ ಶಾಸ್ತ್ರ) ಎಷ್ಟು ಹೊತ್ತಿಗೆ, ಕದಿರು ತೆಗೆಯುವುದು ಎಷ್ಟು ಹೊತ್ತಿಗೆ, ಹೊಸ ಅಕ್ಕಿಯ ಊಟ ಎಷ್ಟು ಹೊತ್ತಿಗೆ ಎಂಬುದನ್ನು ಅಮ್ಮಂಗೇರಿ ಮನೆತನದ ಜ್ಯೋತಿಷಿಗಳು ನಿಗದಿ ಮಾಡಿ ಅಲ್ಲಿ ಪ್ರಕಟಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಗಂಟೆ ನಿಮಿಷ ಸಮೇತ ಬರುತ್ತದೆ. ಅದನ್ನು ನೋಡಿಕೊಂಡು ಬೆಂಗಳೂರಿನಲ್ಲಿ ಇರುವವರು ರಜೆಗೆ ಅರ್ಜಿ ಹಾಕುತ್ತಾರೆ.

ದಿನ ಸಿಗುವುದು ಹೇಗೆ? ಹುತ್ತರಿ ಬರುವುದು ನವೆಂಬರ್–ಡಿಸೆಂಬರ್ ನಡುವೆ, ಹುಣ್ಣಿಮೆಯ ಆಸುಪಾಸು, ರೋಹಿಣಿ ನಕ್ಷತ್ರ ನೋಡಿಕೊಂಡು. ಹುಣ್ಣಿಮೆಗೂ ರೋಹಿಣಿಗೂ ಏನು ಸಂಬಂಧ ಎಂದು ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಅಂಗಳದಲ್ಲಿ ನಿಂತು ಆಕಾಶ ನೋಡಿದರೆ ಉತ್ತರ ಅಲ್ಲೇ ಇದೆ. ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಸೂರ್ಯ ವೃಶ್ಚಿಕ ರಾಶಿಯಲ್ಲಿ ಇರುತ್ತಾನೆ. ಹುಣ್ಣಿಮೆಯ ದಿನ ಚಂದ್ರ ಸೂರ್ಯನಿಗೆ ನೇರ ಎದುರು ಇರಬೇಕು. ವೃಶ್ಚಿಕದ ಎದುರು ರಾಶಿ ವೃಷಭ. ವೃಷಭದಲ್ಲಿ ಕೆಂಪಗೆ ಹೊಳೆಯುವ ನಕ್ಷತ್ರವೇ ರೋಹಿಣಿ. ಹಾಗಾಗಿ ಆ ತಿಂಗಳ ತುಂಬು ಚಂದ್ರ ರೋಹಿಣಿಯ ಪಕ್ಕದಲ್ಲೇ ಸುಳಿದಾಡಲೇಬೇಕು. ಒಂದು ದಿನ ಹಿಂದೆ ಮುಂದೆ ಆಗುವುದರಿಂದ ಯಾವ ರಾತ್ರಿ, ಯಾವ ಗಳಿಗೆ ಎಂದು ಗೆರೆ ಎಳೆಯಬೇಕು. ಆ ಗೆರೆ ಎಳೆಯುವವನು ಜ್ಯೋತಿಷಿ. ಇನ್ನು ಹುತ್ತರಿಯ ರಾತ್ರಿ ಕೋವಿ ಹಾರಿಸಿ, ‘ಪೊಲಿ ಪೊಲಿ ದೇವಾ’ ಎನ್ನುತ್ತ ಗದ್ದೆಯಲ್ಲಿ ಕದಿರು ಕೊಯ್ಯುವಾಗ ತಲೆಯೆತ್ತಿದರೆ ಬೆಳದಿಂಗಳು ಇದ್ದೇ ಇರುತ್ತದೆ. ಟಾರ್ಚಿಲ್ಲದ ಕಾಲದ ಜನ ಹಬ್ಬವನ್ನು ಎಲ್ಲಿ ಇಟ್ಟಿದ್ದಾರೆ ನೋಡಿ.

ಇದೇ ರೋಹಿಣಿಯನ್ನು ‘ರೋಹಿಣಿ ಮಳೆ’ಯ ರೋಹಿಣಿ ಜೊತೆ ಕಲಸಿಕೊಳ್ಳಬಾರದು. ನಕ್ಷತ್ರ ಅದೇ, ಆದರೆ ಅಲ್ಲಿ ಅದರ ಬಳಿ ಇರುವವನು ಸೂರ್ಯ, ಅದು ಮೇ ಕೊನೆಗೆ. ಮಳೆ ನಕ್ಷತ್ರಗಳೆಲ್ಲ ಸೂರ್ಯನ ಲೆಕ್ಕ. ಒಂದೊಂದರಲ್ಲಿ ಅವನು ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ’ ಎಂಬ ಗಾದೆ ಹುಟ್ಟಿದ್ದು ಈ ಲೆಕ್ಕದ ಮೇಲೆ.

ತಲಕಾವೇರಿಯ ತೀರ್ಥೋದ್ಭವವೂ ಎಣಿಕೆಯದೇ. ಸೂರ್ಯ ತುಲಾ ರಾಶಿಗೆ ಕಾಲಿಡುವ ಕ್ಷಣಕ್ಕೆ ಬ್ರಹ್ಮಕುಂಡಿಕೆಯಲ್ಲಿ ಕಾವೇರಿ ಉಕ್ಕುತ್ತಾಳೆ ಎಂಬ ನಂಬಿಕೆ. ದಿನ ಅಕ್ಟೋಬರ್ 17ರ ಸುತ್ತಮುತ್ತ. ಆದರೆ ಹೊತ್ತು ಮಾತ್ರ ಒಂದು ವರ್ಷ ನಡುರಾತ್ರಿ, ಇನ್ನೊಂದು ವರ್ಷ ಬೆಳಿಗ್ಗೆ, ಮತ್ತೊಂದು ವರ್ಷ ಮಧ್ಯಾಹ್ನ. ‘ದೇವಿಯ ಇಚ್ಛೆ’ ಎಂದು ಭಕ್ತರು ಕೈಮುಗಿಯುತ್ತಾರೆ. ಲೆಕ್ಕದವರು ಹೇಳುವುದು ಹೀಗೆ: ಸೂರ್ಯ ಅದೇ ನಕ್ಷತ್ರದ ಎದುರಿಗೆ ಮರಳಿ ಬರಲು ಹಿಡಿಯುವುದು 365 ದಿನ ಮತ್ತು 6 ಗಂಟೆಗಿಂತ ತುಸು ಹೆಚ್ಚು. ಆ ಆರು ಗಂಟೆ ವರ್ಷದಿಂದ ವರ್ಷಕ್ಕೆ ಮುಂದೆ ಜರುಗುತ್ತ ಹೋಗುತ್ತದೆ. ಅಧಿಕ ವರ್ಷದ ಫೆಬ್ರವರಿ 29 ಬಂದಾಗ ಮತ್ತೆ ಹಿಂದಕ್ಕೆ ಸರಿಯುತ್ತದೆ. ಈ ಸಲ ಬೆಳಿಗ್ಗೆ ಏಳಕ್ಕೆ ಆಗಿದ್ದರೆ, ನಡುವೆ ಅಧಿಕ ದಿನ ಬಾರದಿದ್ದರೆ, ಮುಂದಿನ ಸಲ ಮಧ್ಯಾಹ್ನ ಒಂದರ ಹೊತ್ತಿಗೆ. ಇಲ್ಲಿ ‘ತೀರ್ಥೋದ್ಭವದ ಕಣಿ ಹೇಳಿದರು’ ಎಂದು ಯಾರೂ ಅನ್ನುವುದಿಲ್ಲ. ಹುತ್ತರಿಗೂ ಹಾಗೆ. ಮುಹೂರ್ತ ‘ಇಡುತ್ತಾರೆ’, ‘ತೆಗೆಯುತ್ತಾರೆ’, ‘ನಿಗದಿ ಮಾಡುತ್ತಾರೆ’, ಕಣಿ ಹೇಳುವುದಿಲ್ಲ. ಭಾಷೆ ಎಷ್ಟು ಜಾಣತನದಿಂದ ಎರಡನ್ನೂ ಬೇರೆ ಇಟ್ಟಿದೆ!

ಉಳಿದ ಪದಗಳನ್ನೂ ಒಂದಿಷ್ಟು ನೋಡಿಬಿಡೋಣ. ಶಕುನ ಎಂದರೆ ಸಂಸ್ಕೃತದಲ್ಲಿ ಮೊದಲು ಹಕ್ಕಿ ಎಂದೇ ಅರ್ಥ. ಹಕ್ಕಿ ಯಾವ ಕಡೆ ಹಾರಿತು, ಹೇಗೆ ಕೂಗಿತು ಎಂದು ನೋಡುತ್ತಿದ್ದವರಿಂದ ಅದು ‘ಸೂಚನೆ’ ಆಯಿತು. ‘ಹಾಲಕ್ಕಿ ನುಡಿತೈತೆ’ ಎಂದು ಬುಡುಬುಡಿಕೆಯವನು ಬೆಳಗ್ಗೆ ಬಾಗಿಲಿಗೆ ಬಂದಾಗ ಶಕುನದೊಳಗಿನ ಹಕ್ಕಿ ಇನ್ನೂ ಸತ್ತಿಲ್ಲ ಎಂದು ತಿಳಿಯಬಹುದು. ಶಕುನ ತಾನಾಗಿ ಆಗುತ್ತದೆ. ಯಾರೂ ಕೇಳಬೇಕಿಲ್ಲ. ಬೆಕ್ಕು ನಿಮ್ಮ ಅಪ್ಪಣೆ ಪಡೆದು ಅಡ್ಡ ಹೋಗುವುದಿಲ್ಲವಲ್ಲ.

ಪ್ರಶ್ನೆ ಅದಕ್ಕೆ ತದ್ವಿರುದ್ಧ. ಅದನ್ನು ಕೇಳಲೇಬೇಕು. ಕೊಡಗು, ಕರಾವಳಿ, ಕೇರಳದಲ್ಲಿ ಇದು ದೊಡ್ಡ ಶಾಸ್ತ್ರ. ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬಂದರೆ, ಬನದ ದೈವದ ಕಾರ್ಯ ನಿಂತುಹೋಗಿದ್ದರೆ, ದೇವಸ್ಥಾನ ಜೀರ್ಣೋದ್ಧಾರಕ್ಕೆ ಹೊರಟರೆ ‘ಪ್ರಶ್ನೆ ಇಡಿಸುತ್ತಾರೆ’. ತಾಂಬೂಲ ಪ್ರಶ್ನೆಯಲ್ಲಿ ಕೊಟ್ಟ ವೀಳ್ಯದೆಲೆಗಳ ಲೆಕ್ಕ, ಅಷ್ಟಮಂಗಲ ಪ್ರಶ್ನೆಯಲ್ಲಿ ಕವಡೆಯ ಲೆಕ್ಕ. ಕೇಳಿದ ಗಳಿಗೆಯೇ ಉತ್ತರದ ಬೀಜ ಎಂಬುದು ಅದರ ನಂಬಿಕೆ. ಗಮನಿಸಬೇಕಾದದ್ದು, ಪ್ರಶ್ನೆ ಹೆಚ್ಚಾಗಿ ಹಿಂದಕ್ಕೆ ನೋಡುತ್ತದೆ. ಯಾರ ಕಾಲದಲ್ಲಿ ಏನು ತಪ್ಪಾಯಿತು, ಯಾವ ಹರಕೆ ಬಾಕಿ ಉಳಿಯಿತು ಎಂಬುದೇ ಅಲ್ಲಿ ಮುಖ್ಯ. ಹಾಗಾಗಿ ‘ಪ್ರಶ್ನೆಯಲ್ಲಿ ಕಂಡುಬಂತು’ ಎನ್ನುತ್ತಾರೆ. ಮತ್ತೆ ಅದೇ ‘ಕಾಣು’. ಎಣಿಸುವವನ ಬಾಯಲ್ಲೂ ಕೊನೆಗೆ ಬರುವ ಕ್ರಿಯಾಪದ ಅದೇ.

ಕಾರಣಿಕದಲ್ಲಿ ನೋಟವೂ ಇಲ್ಲ, ಎಣಿಕೆಯೂ ಇಲ್ಲ, ಬರೀ ನುಡಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಮುಗಿದು ಜಾತ್ರೆ ನೆರೆದಾಗ ಗೊರವಯ್ಯ ಎತ್ತರದ ಬಿಲ್ಲೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷ ಜನರ ಗದ್ದಲ ಒಮ್ಮೆಲೆ ನಿಂತುಬಿಡುತ್ತದೆ. ಒಂದೇ ಒಂದು ಸಾಲು ನುಡಿದು ಅಲ್ಲಿಂದ ಕೆಳಕ್ಕೆ ಬೀಳುತ್ತಾನೆ. ಆ ಸಾಲಿನ ಅರ್ಥ ಮಳೆಯೋ, ಬೆಲೆಯೋ, ಸರ್ಕಾರವೋ ಎಂಬ ಚರ್ಚೆ ವರ್ಷವಿಡೀ. ನುಡಿದವನು ವಿವರಣೆ ಕೊಡುವುದಿಲ್ಲ. ಕಣಿಗೂ ಕಾರಣಿಕಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಕಣಿ ಒಬ್ಬರಿಗೆ, ಜಗುಲಿಯಲ್ಲಿ, ಮಾತಿಗೆ ಮಾತು ಬೆಳೆಸುತ್ತ. ಕಾರಣಿಕ ಊರಿಗೆಲ್ಲ, ಒಂದೇ ಉಸಿರಿನಲ್ಲಿ. ಕಾಲಜ್ಞಾನವೂ ಊರಿಗೆಲ್ಲ, ಆದರೆ ಅದು ಬರೆದಿಟ್ಟ ಮಾತು.

‘ಭವಿಷ್ಯ’ದ ಕತೆ ಬೇರೆ. ಅದು ಹೇಳುವ ಕೆಲಸದ ಹೆಸರೇ ಅಲ್ಲ. ‘ಮುಂದೆ ಆಗುವುದು’ ಎಂಬ ಕಾಲದ ಹೆಸರು. ಅದಕ್ಕೇ ‘ಭವಿಷ್ಯ ನಿಧಿ’ ಎಂದರೆ ಜ್ಯೋತಿಷಿಯ ಹುಂಡಿ ಅಲ್ಲ, ಸಂಬಳದಲ್ಲಿ ಹಿಡಿಯುವ ಪಿ.ಎಫ್. ‘ಭವಿಷ್ಯ ಹೇಳು’ ಎಂದಾಗ ಮಾತ್ರ ಕಣಿಯ ನೆರೆಗೆ ಬರುತ್ತದೆ. ‘ನಿತ್ಯ ಭವಿಷ್ಯ’ ಎಂದು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತ ಬಂದು, ಹೇಳುವ ಮಾತಿಗೂ ಅದೇ ಹೆಸರು ಅಂಟಿಕೊಂಡಿತು. ‘ಮಗಳಿಗೆ ಒಳ್ಳೆಯ ಭವಿಷ್ಯ ಇದೆ’ ಎನ್ನಬಹುದು. ‘ಮಗಳಿಗೆ ಒಳ್ಳೆಯ ಕಣಿ ಇದೆ’ ಎನ್ನಲಾಗದು. ‘ಅವನೇನು ಕಣಿ ಹೇಳ್ತಾನೆ’ ಎಂದರೆ ಅದರಲ್ಲಿ ಲೇವಡಿ ಇದೆ. ‘ಅವನೇನು ಭವಿಷ್ಯ ಹೇಳ್ತಾನೆ’ ಎಂದರೆ ಅಷ್ಟು ಖಾರ ಇರುವುದಿಲ್ಲ. ಹೇಳುವವರು ಬಡವರು, ಅಲೆಮಾರಿಗಳು, ಹೆಂಗಸರು ಆಗಿದ್ದರಿಂದ ಆ ಪದಕ್ಕೆ ಈ ಹಗುರತನ ಬಂತು ಎಂದು ನನ್ನ ಗುಮಾನಿ. ಪಂಚಾಂಗ ಹಿಡಿದವರು ಜೋಯಿಸರು, ಬುಟ್ಟಿ ಹಿಡಿದವಳು ಕಣಿ ಹೇಳುವವಳು.

ಮುನ್ಸೂಚನೆ ಎಂಬುದು ಇವತ್ತಿನ ಪದ. ಕೊಡಗಿನಲ್ಲಿ ಅದಕ್ಕೆ ತೂಕ ಬಂದದ್ದು 2018ರ ಆಗಸ್ಟ್ ನಂತರ. ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿ ಮನೆ, ತೋಟ, ರಸ್ತೆ ಕೊಚ್ಚಿಹೋದ ಮಳೆ ಅದು. ಆಮೇಲೆ ‘ಹಳದಿ’, ‘ಆರೆಂಜ್’, ‘ರೆಡ್’ ಎಂಬ ಮಾತು ಅಂಗನವಾಡಿಯ ಮಕ್ಕಳಿಗೂ ಬಾಯಿಪಾಠ, ಮುಖ್ಯವಾಗಿ ರಜೆಯ ಕಾರಣಕ್ಕೆ. ಹಳದಿ ಎಂದರೆ ಗಮನ ಇರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂತಿರಬೇಡಿ, ಕೆಲಸಕ್ಕೆ ಇಳಿಯಿರಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ಮೀರಿದರೆ ಅದಕ್ಕೂ ಮೇಲಿನದು. ತೋಟದವರ ಮಳೆಮಾಪಕದ ಭಾಷೆಯಲ್ಲಿ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಎಂಟು ಇಂಚು ನಮಗೆ ಹೊಸತಲ್ಲ. ಅದು ದಿನ ಬಿಡದೆ ಬಿದ್ದರೆ, ಅದೂ ಕಡಿದು ಮಟ್ಟ ಮಾಡಿದ ಇಳಿಜಾರಿನ ಮೇಲೆ ಬಿದ್ದರೆ ಮಾತು ಬೇರೆ.

ಮುನ್ಸೂಚನೆ ಜಿಲ್ಲೆಗೆ ಬರುತ್ತದೆ, ಗುಡ್ಡಕ್ಕೆ ಬರುವುದಿಲ್ಲ. ಭಾಗಮಂಡಲದಲ್ಲಿ ಕೊಡೆ ಮುರಿಯುವಷ್ಟು ಮಳೆ ಇರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಎರಡೂ ಒಂದೇ ಬಣ್ಣದಡಿ. ಈ ಕೊರತೆ ತುಂಬುವುದಕ್ಕೆ ಕಣ್ಣು ಬೇಕು. ಅಂಗಳದಲ್ಲಿ ನಿನ್ನೆ ಇಲ್ಲದ ಬಿರುಕು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ನೆಟ್ಟಗಿದ್ದ ಸಿಲ್ವರ್ ಮರ ವಾಲುವುದು, ಬಾಗಿಲು ಚೌಕಟ್ಟಿಗೆ ಕೂರದೆ ಹೋಗುವುದು. ಭೂಕುಸಿತ ಬಲ್ಲವರು ನೋಡಿಕೊಳ್ಳಿ ಎನ್ನುವ ಗುರುತುಗಳು ಇವು. ‘ಅಶುಭ ಸೂಚಿಸುವ ನೋಟ’ ಎಂಬ ಕಣಿಯ ಹಳೆಯ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಇದರಲ್ಲಿ ದೈವ ಇಲ್ಲ, ಗ್ರಹ ಇಲ್ಲ, ಮಣ್ಣು ನೀರು ಅಷ್ಟೆ.

ಈಗ ಪಕ್ಕದ ತೋಟದ ಅಣ್ಣನ ತಮಾಷೆಗೆ ಬರೋಣ. ಮೊಬೈಲಿನಲ್ಲಿ ಕಾಣುವ ಮಳೆಯ ಚಿತ್ರದ ಹಿಂದೆ ಇರುವುದು ಬರೀ ಲೆಕ್ಕ: ಗಾಳಿಯ ಒತ್ತಡ, ತೇವ, ಉಷ್ಣತೆಯ ಅಂಕಿಗಳನ್ನು ಹಾಕಿ ಮುಂದಿನ ಗಂಟೆಗಳ ವಾತಾವರಣವನ್ನು ಗುಣಿಸಿ ಎಣಿಸಿ ತೆಗೆಯುವ ದೊಡ್ಡ ಕಂಪ್ಯೂಟರುಗಳ ಕೆಲಸ. ಕಂಪ್ಯೂಟರಿಗೆ ನಾವು ಕನ್ನಡದಲ್ಲಿ ಇಟ್ಟ ಹೆಸರು ಗಣಕ. ಕಣಿಯ ಎಂಬುದು ಗಣಕದಿಂದಲೇ ಬಂದದ್ದಾದರೆ ಮೊಬೈಲಿನ ಮಾತನ್ನು ಕಣಿ ಎಂದು ಕರೆದದ್ದು ಅಕ್ಷರಶಃ ಸರಿ! ಈ ಮಾತನ್ನು ಉತ್ಸಾಹದಿಂದ ಅವರಿಗೆ ಹೇಳಿದೆ. ಒದ್ದೆ ಮೆಣಸನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದವರು, “ಗಣಕನೋ ಕಣಿಯನೋ, ಕಣಿಯನಾಗಿದ್ದರೆ ಕೊಟ್ಟ ಕಾಣಿಕೆ ವಾಪಸ್ ಕೇಳಬಹುದಿತ್ತು” ಅಂದರು. ಎಂಟೊಂಬತ್ತು ದಿನಕ್ಕೆ ಅವರ ತೋಟ ಬೆಳ್ಳಗೆ ಹೂಬಿಟ್ಟು ಘಮಘಮ ಎನ್ನುತ್ತಿತ್ತು. ಮೆಣಸಿನ ಮಾತು ಅವರು ಮತ್ತೆ ಎತ್ತಲಿಲ್ಲ.

ಕೊನೆಗೊಂದು. ಮೇ ತಿಂಗಳಲ್ಲಿ ಸಂಪಾಜೆಯ ನೆಂಟರಿಗೆ ಫೋನ್ ಮಾಡಿದ್ದೆ. “ಮಳೆ ಹಿಡಿಯುವ ಮೊದಲು ಒಮ್ಮೆ ಕಣಿ ನೋಡ್ಬೇಕು ಭಾವ, ಕಳೆದ ವರ್ಷ ನೋಡದೆ ತುಂಬ ನಷ್ಟ ಆಯ್ತು” ಅಂದರು. ಇವರು ಯಾವಾಗಿನಿಂದ ಜ್ಯೋತಿಷಿಗಳ ಮನೆಗೆ ಹೋಗಲು ಶುರು ಮಾಡಿದರಪ್ಪ ಎಂದು ನಾನು ಯಾರಲ್ಲಿ ನೋಡಿಸುತ್ತೀರಿ ಎಂದು ಕೇಳಿಯೇಬಿಟ್ಟೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಜೋರು ನಗು. ಘಟ್ಟದ ಕೆಳಗೆ ಅಡಿಕೆ ತೋಟದ ಸಾಲುಗಳ ನಡುವೆ ನೀರು ಬಸಿದು ಹೋಗಲು ತೋಡುವ ಚರಂಡಿಗೂ ಕಣಿ ಎಂದೇ ಹೆಸರು. “ಯಾರಲ್ಲಿ ನೋಡಿಸುವುದು, ನಾನೇ ನೋಡ್ಬೇಕು” ಎಂದು ಫೋನಿಟ್ಟು, ಹಾರೆ ಹಿಡಿದು ತೋಟಕ್ಕೆ ಇಳಿದರಂತೆ.